ಬಣ್ಣ ಬೀಳುವ ಮುಂಚಿನ ಬಸ್ಸು

ಕೈಯಲ್ಲೇ ಕಟ್ಟಿದ ಆಟಿಕೆ ಬಸ್ಸನ್ನು ನೋಡಬೇಕಾದ್ದು ಅದಕ್ಕೆ ಬಣ್ಣ ಬೀಳುವ ಹಿಂದಿನ ದಿನ. ಬಣ್ಣ ಬಿದ್ದ ಮೇಲೆ ಎಲ್ಲರೂ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ‘ಅಯ್ಯೋ, ಥೇಟ್ ನಮ್ಮ ಧರ್ಮಸ್ಥಳದ ಬಸ್ಸೇ!’ ಅನ್ನುತ್ತಾರೆ. ಆ ಮೆಚ್ಚುಗೆಯಲ್ಲಿ ತಪ್ಪೇನಿಲ್ಲ. ಆದರೆ ಅಷ್ಟು ಹೊತ್ತಿಗೆ ನೋಡಬೇಕಾದದ್ದರಲ್ಲಿ ಅರ್ಧ ಕೆಂಪು ಬಣ್ಣದ ಅಡಿಗೆ ಸೇರಿಹೋಗಿರುತ್ತದೆ.

ಹಾಸನದ ಒಂದು ಬೋರ್ಡು ಅಂಗಡಿಯ ಹಿಂಬದಿ ಕೋಣೆಯಲ್ಲಿ ಅಂಥ ಬಸ್ಸೊಂದನ್ನು ನಾನು ಪುರಸೊತ್ತಿನಿಂದ ನೋಡಿದ್ದೇನೆ. ಕಟ್ಟಿದವನು ಅದೇ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಹಗಲೆಲ್ಲ ಫೋಮ್ ಶೀಟು ಕತ್ತರಿಸಿ ಬೇಕರಿ, ಮೊಬೈಲ್ ಅಂಗಡಿ, ಕ್ಲಿನಿಕ್ಕುಗಳಿಗೆ ಉಬ್ಬಕ್ಷರ ಮಾಡಿಕೊಡುತ್ತಾನೆ. ಅಕ್ಷರದ ಹೊಟ್ಟೆಯೊಳಗಿಂದ ಬಿದ್ದ ಚೂರು, ಶೀಟಿನ ಅಂಚಿನಲ್ಲಿ ಉಳಿದ ಪಟ್ಟಿ ಅವನ ಪಾಲು. ಸಂಜೆ ಷಟರ್ ಅರ್ಧ ಎಳೆದ ಮೇಲೆ ಆ ಚೂರುಗಳು ಬಸ್ಸಾಗುತ್ತವೆ. ಕಿಟ್ ಇಲ್ಲ, ಅಚ್ಚು ಇಲ್ಲ. ಡಿಪೋ ಮುಂದೆ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊಗಳು, ಒಂದು ಸ್ಟೀಲ್ ಸ್ಕೇಲು, ಪೇಪರ್ ಕಟ್ಟರ್, ಫೆವಿಕ್ವಿಕ್, ಮತ್ತೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಆ ಡಬ್ಬಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಬಸ್ಸಿನ ಮೈ ಬಿಳಿ. ಮುಂದಿನ ಎರಡು ಗಾಲಿ ನೀಲಿ, ನೀರಿನ ಬಾಟಲಿಯ ಮುಚ್ಚಳ. ಹಿಂದೆ ಒಂದೊಂದು ಬದಿಗೂ ಜೋಡಿ ಗಾಲಿ ಬೇಕಲ್ಲ, ಅಲ್ಲಿ ಕೆಂಪು ಮುಚ್ಚಳ ಎರಡೆರಡು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ್ದ. ಮುಚ್ಚಳದ ಸುತ್ತಲಿನ ಸಣ್ಣ ಗೀರುಗಳು ಟೈರಿನ ಕಚ್ಚಾಗಿ ನಿಂತಿದ್ದವು. ಮುಂದಿನ ಬಂಪರ್ ಹಸಿರು: ಅವಧಿ ಮುಗಿದ ಎಟಿಎಂ ಕಾರ್ಡಿನ ಪಟ್ಟಿ. ಅದರ ಮೇಲೆ ಉಬ್ಬಿದ ಅಂಕಿಗಳ ತಲೆ ಮಾತ್ರ ಉಳಿದಿತ್ತು, ಕಾಲು ಕತ್ತರಿಸಿಹೋಗಿತ್ತು. ಹೆಡ್‌ಲೈಟಿನ ಗಾಜು ಅಂದರೆ ಗುಳಿಗೆ ಪಟ್ಟಿಯ ಎರಡು ಗುಳ್ಳೆ. ಸೈಲೆನ್ಸರ್ ಪೈಪು ಬಾಲ್‌ಪೆನ್ ರೀಫಿಲ್ಲು, ಒಳಗೆ ನೀಲಿ ಶಾಯಿಯ ಕಲೆ ಹಾಗೇ ಇತ್ತು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಟೇರಿಂಗು. ಪ್ಯಾಂಟಿನ ಗುಂಡಿಯೊಂದನ್ನು ತೆಗೆದುಕೊಂಡು ಅದರ ನಾಲ್ಕು ತೂತುಗಳನ್ನು ಸಣ್ಣ ಅರದಿಂದ ಅಗಲ ಮಾಡುತ್ತ ಹೋಗಿದ್ದಾನೆ. ತೂತು ಬೆಳೆದಂತೆ ನಡುವಿನ ಪ್ಲಾಸ್ಟಿಕ್ಕು ಸಣ್ಣಗಾಗಿ ಕೊನೆಗೆ ಅಡ್ಡ ಒಂದು, ಉದ್ದ ಒಂದು ಕಡ್ಡಿಯಾಗಿ ಉಳಿದಿದೆ. ಅಂಚು ಚಕ್ರವಾಯಿತು, ನಡುವೆ ಕಡ್ಡಿಗಳು ಬಂದವು. ಏನನ್ನೂ ಸೇರಿಸಿಲ್ಲ, ತೆಗೆದದ್ದಷ್ಟೇ.

‘ಇದಕ್ಕೆ ಬಣ್ಣ ಹೊಡೀಲೇಬೇಕೇನಪ್ಪಾ?’ ಅಂದೆ.

‘ಏನ್ ಸಾರ್, ಬನೀನಲ್ಲಿ ನಿಂತವನನ್ನ ಫೋಟೊ ತೆಗೀತೀನಿ ಅಂದ ಹಾಗಾಯ್ತು’ ಅಂದ. ನಾಳೆಗೆ ಪ್ರೈಮರು, ನಾಳಿದ್ದು ಕೆಂಪು, ಅದು ಒಣಗಿದ ಮೇಲೆ ಗಂಡಭೇರುಂಡ, ಆಮೇಲೆ ‘ಕೆಎ 13 ಎಫ್’ ನಂಬರು. ಅವನ ಲೆಕ್ಕದಲ್ಲಿ ಬಸ್ಸು ಶುರುವಾಗುವುದೇ ಅಲ್ಲಿಂದ.

ಈ ಜಗಳದಲ್ಲಿ ಅವನು ಗೆಲ್ಲುವುದು ಖಂಡಿತ, ಬಸ್ಸು ಅವನದು. ನನ್ನ ಪಕ್ಷವನ್ನೂ ಸ್ವಲ್ಪ ಹೇಳುತ್ತೇನೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಶಂಕುಕ ಅನ್ನುವವನು ಚಿತ್ರತುರಗದ ಮಾತು ಎತ್ತುತ್ತಾನೆ. ಅಭಿನವಗುಪ್ತನ ವ್ಯಾಖ್ಯಾನದ ಮೂಲಕ ಅದು ನಮಗೆ ಬಂದಿದೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಅನ್ನುತ್ತೇವೆ. ಅದು ನಿಜದ ಅರಿವಲ್ಲ, ಸುಳ್ಳೂ ಅಲ್ಲ, ಸಂಶಯವಲ್ಲ, ‘ಕುದುರೆಯ ಹಾಗಿದೆ’ ಅನ್ನುವ ಹೋಲಿಕೆಯೂ ಅಲ್ಲ. ನಾಟಕದಲ್ಲಿ ನಟನನ್ನು ರಾಮ ಅಂದುಕೊಳ್ಳುವುದು ಆ ಜಾತಿಯ ಅರಿವು ಎಂದು ಅವನ ವಾದ. ಬಣ್ಣ ಬಿದ್ದ ಮಾಡೆಲ್ ಬಸ್ಸು ಅಂಥ ಚಿತ್ರತುರಗ. ಕೆಂಪು ಮೈ, ಕಪ್ಪು ಗಾಲಿ, ಬೋರ್ಡಿನಲ್ಲಿ ಊರಿನ ಹೆಸರು ಕಂಡರೆ ಮನಸ್ಸು ನೇರ ಬಸ್ಸಿಗೆ ಹೋಗಿ ಕೂರುತ್ತದೆ, ಕಿಟಕಿ ಪಕ್ಕದ ಸೀಟು ಹಿಡಿಯುತ್ತದೆ.

ಬಣ್ಣ ಬೀಳದ ಬಸ್ಸಿನಲ್ಲಿ ನಡೆಯುವುದು ಬೇರೆ. ಅಲ್ಲಿ ಪ್ರತಿ ವಸ್ತುವೂ ಶ್ಲೇಷೆ. ಮುಚ್ಚಳ ಮುಚ್ಚಳವಾಗಿಯೂ ಇದೆ, ಗಾಲಿಯಾಗಿಯೂ ಇದೆ. ಒಂದು ಅರ್ಥ ಇನ್ನೊಂದನ್ನು ನುಂಗುವುದಿಲ್ಲ. ಪಂಪ ತನ್ನ ಅರಿಕೇಸರಿಯನ್ನೂ ಅರ್ಜುನನನ್ನೂ ಬೆಸೆದು ನಿಲ್ಲಿಸಿದ. ಓದುವವನಿಗೆ ಒಮ್ಮೆ ವೇಮುಲವಾಡದ ದೊರೆ ಕಾಣುತ್ತಾನೆ, ಒಮ್ಮೆ ಪಾಂಡವ, ಮತ್ತೊಮ್ಮೆ ಇಬ್ಬರೂ. ಆ ಹೊಯ್ದಾಟವನ್ನು ಸುಖ ಅಂದುಕೊಳ್ಳುವವನು ಬಣ್ಣದ ಡಬ್ಬಿ ಕಂಡರೆ ಸ್ವಲ್ಪ ಹಿಂಜರಿಯುತ್ತಾನೆ.

ಇನ್ನು ಅಳತೆಯ ಮಾತು. ಅಸಲಿ ಬಸ್ಸಿನ ಎಷ್ಟನೇ ಒಂದು ಪಾಲು ಇದು ಅಂತ ಕೇಳಿದೆ. ‘ಮುಚ್ಚಳ ಹೇಳಿದಷ್ಟು’ ಅಂದ. ಮೊದಲು ತಮಾಷೆ ಅಂದುಕೊಂಡೆ. ಲೆಕ್ಕ ಹಾಕಿ ತೋರಿಸಿದ. ಬಸ್ಸಿಗೆ ಹಾಕುವ 10.00-20 ಟೈರಿನ ಎತ್ತರ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ, ಸುಮಾರು 105 ಸೆಂಟಿಮೀಟರ್. ಬಾಟಲಿ ಮುಚ್ಚಳದ ಅಗಲ 3 ಸೆಂಟಿಮೀಟರ್. ಅಂದರೆ 35ರಲ್ಲಿ ಒಂದು. ಗಾಲಿ ಹೀಗೆ ನಿಶ್ಚಯವಾದ ಮೇಲೆ ಉಳಿದದ್ದೆಲ್ಲ ಅದರ ಹಿಂದೆ ಬರಬೇಕು: 11 ಮೀಟರ್ ಉದ್ದದ ಬಸ್ಸು 31 ಸೆಂಟಿಮೀಟರ್ ಚಿಲ್ಲರೆ, ಎರಡೂವರೆ ಮೀಟರ್ ಅಗಲ 7 ಸೆಂಟಿಮೀಟರ್. ಹಳೆಯ ಬಸ್ಸಿನ ದುಂಡು ಹೆಡ್‌ಲೈಟು 7 ಇಂಚು, 178 ಮಿಲಿಮೀಟರ್, ಭಾಗಿಸಿದರೆ 5. ಮನೆಯಲ್ಲಿ ತಾತನ ಬಿಪಿ ಗುಳಿಗೆಯ ಗುಳ್ಳೆ ಸರಿಯಾಗಿ ಅಷ್ಟೇ ಇದೆಯಂತೆ. ಶುಗರ್ ಮಾತ್ರೆಯದು ದೊಡ್ಡದಾಯಿತು, ಲಾರಿಗೂ ಆಗದು. ಅಂಗಡಿಯಲ್ಲಿ ಸಿಗುವ ಗಾಲಿ ತಂದು ಹಾಕುವವನು ಅಳತೆಯನ್ನು ಮೊದಲು ಗೊತ್ತು ಮಾಡಿಕೊಂಡು ವಸ್ತು ಹುಡುಕುತ್ತಾನೆ. ಇವನದು ತಿರುಗುಮುರುಗು. ಕೈಗೆ ಸಿಕ್ಕ ಒಂದು ವಸ್ತುವಿನಿಂದ ಇಡೀ ಬಸ್ಸು ಹುಟ್ಟುತ್ತದೆ.

ಈ ಪದ್ಧತಿಗೆ ದೊಡ್ಡ ಮನೆತನದ ಉದಾಹರಣೆಯೇ ಇದೆ. ಮಿಲಿಟರಿ ವಾಹನಗಳ ಮಾಡೆಲ್ ಕಟ್ಟುವವರು ಲೋಕದಾದ್ಯಂತ ಬಳಸುವ ಅಳತೆಯೂ 35ರಲ್ಲಿ ಒಂದೇ. ಅದನ್ನು ಯಾವ ಸಮಿತಿಯೂ ಕೂತು ತೀರ್ಮಾನಿಸಲಿಲ್ಲ. ಜಪಾನಿನ ಶಿಜುವೊಕದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ಮಾಡಹೊರಟಿತು. ಟ್ಯಾಂಕು ಓಡಬೇಕು, ಹೊಟ್ಟೆಯೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕು. ಅವು ಹಿಡಿಸುವಷ್ಟು ಅಗಲ ಮಾಡಿ ಆಮೇಲೆ ಅಳೆದರೆ ಅಸಲಿಯ ಸುಮಾರು 35ನೇ ಒಂದು ಪಾಲು. ಅಲ್ಲಿ ಬ್ಯಾಟರಿ, ಇಲ್ಲಿ ಮುಚ್ಚಳ. ಹಾಸನದ ಹುಡುಗನಿಗೆ ಈ ಸಂಗತಿ ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಮತ್ತೆ? ಇನ್ನು ಹೆಂಗ್ ಮಾಡ್ತಾರೆ ಸಾರ್?’ ಅಂದ.

ಶ್ಲೇಷೆಯನ್ನು ಪರದೆಗೆ ಏರಿಸಿದವರು ಇಂಗ್ಲೆಂಡಿನವರು. 1965ರಲ್ಲಿ ಅಲ್ಲಿನ ಟಿವಿಯಲ್ಲಿ ‘ಥಂಡರ್‌ಬರ್ಡ್ಸ್’ ಅನ್ನುವ ಗೊಂಬೆ ಸರಣಿ ಬಂತು. ಗೊಂಬೆಗಳಿಗಿಂತ ಅದರ ರಾಕೆಟ್ಟು, ವಿಮಾನ, ನೆಲ ಕೊರೆಯುವ ಯಂತ್ರಗಳನ್ನು ನೋಡಲು ಹುಡುಗರು ಕಾದು ಕೂರುತ್ತಿದ್ದರು. ಸ್ಲೌ ಊರಿನ ಕೈಗಾರಿಕಾ ಶೆಡ್ಡುಗಳಲ್ಲಿ ಅವನ್ನು ಮಾಡಿಸುತ್ತಿದ್ದವನು ಡೆರೆಕ್ ಮೆಡಿಂಗ್ಸ್. ವಾರ ವಾರ ಹೊಸ ವಾಹನ ಬೇಕು, ಸಮಯವಿಲ್ಲ, ದುಡ್ಡೂ ಇಲ್ಲ. ಏರ್‌ಫಿಕ್ಸ್ ಕಿಟ್ಟುಗಳನ್ನು ಕೊಂಡು, ಅವನ್ನು ಕಟ್ಟದೆ, ಬಿಡಿಭಾಗಗಳನ್ನು ಚೂರು ಮಾಡಿ ವಾಹನಗಳ ಮೈಮೇಲೆ ಅಂಟಿಸುತ್ತಿದ್ದರು. ಅದರಲ್ಲಿ ಥಂಡರ್‌ಬರ್ಡ್ ಒಂದು ಅನ್ನುವ ರಾಕೆಟ್ ನಿಲ್ಲುವ ಜಾಗದ ಗೋಡೆಯ ಮೇಲೆ ನಿಂಬೆಹಣ್ಣು ಹಿಂಡುವ ಪ್ಲಾಸ್ಟಿಕ್ ಹಿಂಡುಗವೊಂದು ರಾಜಾರೋಷವಾಗಿ ಕೂತಿದೆ. ಬಣ್ಣವೂ ಬಳಿದಿದ್ದಾರೆ, ಏನೋ ಮಹಾ ಯಂತ್ರದ ಹಾಗೇ ಕಾಣುತ್ತದೆ. ಗೊತ್ತಿದ್ದವನಿಗೆ ಮಾತ್ರ ಅದು ಅಡುಗೆಮನೆಯ ಹಿಂಡುಗ. ಆ ಸರಣಿಯನ್ನು ಪ್ರೀತಿಸುವವರು ಇವತ್ತಿಗೂ ರಾಕೆಟ್ಟನ್ನು ಬಿಟ್ಟು ಅದನ್ನೇ ತೋರಿಸುತ್ತಾರೆ. ಬಣ್ಣದ ಅಡಿಯಲ್ಲೂ ಉಸಿರಾಡುವಷ್ಟು ಗಟ್ಟಿ ಶ್ಲೇಷೆ ಅದು. ಮೆಡಿಂಗ್ಸ್ ಮುಂದೆ ಜೇಮ್ಸ್ ಬಾಂಡ್ ಚಿತ್ರಗಳಿಗೆ ಹೋದ, 1978ರ ‘ಸೂಪರ್‌ಮ್ಯಾನ್’ ಚಿತ್ರದ ಆಸ್ಕರ್‌ನಲ್ಲಿ ಪಾಲು ಪಡೆದ.

ಹತ್ತು ವರ್ಷ ಕಳೆದ ಮೇಲೆ ‘ಸ್ಟಾರ್ ವಾರ್ಸ್’ ತಂಡ ಅಮೆರಿಕದ ವ್ಯಾನ್ ನೈಸ್‌ನ ಗೋದಾಮಿನಲ್ಲಿ ಕೂತು ಇದೇ ಕೆಲಸವನ್ನು ಸಾಮೂಹಿಕವಾಗಿ ಮಾಡಿತು. ಟ್ಯಾಂಕು, ಫಿರಂಗಿ, ಕಾರುಗಳ ಕಿಟ್ಟುಗಳು ರಾಶಿ ರಾಶಿಯಾಗಿ ಬಂದು ಆಕಾಶನೌಕೆಗಳ ಚರ್ಮವಾದವು. ಅವರು ಅಂಥ ಚೂರುಗಳಿಗೆ ‘ಗ್ರೀಬ್ಲಿ’ ಅಂತ ಮುದ್ದಿನ ಹೆಸರು ಕೊಟ್ಟಿದ್ದರು. 1977ರಲ್ಲಿ ಚಿತ್ರ ಬಂದಾಗ ಯಾರಿಗೂ ಟ್ಯಾಂಕು ಕಾಣಲಿಲ್ಲ, ಏಕೆಂದರೆ ಎಲ್ಲದರ ಮೇಲೂ ಒಂದೇ ಬೂದು ಬಣ್ಣ ಬಿದ್ದಿತ್ತು. ನನಗೆ ಅಲ್ಲಿ ಸ್ವಲ್ಪ ತಕರಾರಿದೆ. ಚೂರುಗಳನ್ನು ಎಲ್ಲೆಂದರಲ್ಲಿ ಮೆತ್ತಿದರೆ ಯಂತ್ರದ ಗಡಿಬಿಡಿ ಬರುತ್ತದೆ, ಯಂತ್ರದ ಅರ್ಥ ಬರುವುದಿಲ್ಲ. ಈ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ನೌಕೆಯ ಹತ್ತಿರ ಉತ್ತರವಿಲ್ಲ. ಬಸ್ಸಿನ ರೀಫಿಲ್ಲು ಹಾಗಲ್ಲ. ಎಂಜಿನ್ನಿನ ಕಡೆಯಿಂದ ಹೊರಟು, ಹಿಂದಿನ ಆಕ್ಸಲ್ ಹೌಸಿಂಗಿನ ಮೇಲೆ ಬಾಗಿ ಹಾದು, ಬಲಗಡೆ ಹಿಂದಿನ ಗಾಲಿಯ ಆಚೆ ಬಾಯಿ ಬಿಡುತ್ತದೆ. ಬಸ್ಸಿನ ಅಡಿಗೆ ಮಲಗಿದ ಮೆಕ್ಯಾನಿಕ್ ಕೂಡ ಒಪ್ಪಬೇಕು.

ಕೈಗೆಲಸದ ಹತ್ತಿರ ಬರೋಣ, ಈ ವಿಷಯದಲ್ಲಿ ನಿಧಾನವಾಗಿ ನಿಂತು ನೋಡಬೇಕಾದ್ದು ಅಲ್ಲೇ ಇರುವುದು.

ಮೈಯ ದಪ್ಪ ಕೆಲಸಕ್ಕೆ ಫೋಮ್ ಶೀಟು ಸರಿ. ಸೂಕ್ಷ್ಮಕ್ಕೆ ಅದು ಒಗ್ಗುವುದಿಲ್ಲ, ಅಂಚು ಜುಂಗುಜುಂಗಾಗುತ್ತದೆ. ಅಲ್ಲಿಗೆ ಪಾಲಿಸ್ಟೈರೀನ್ ಬೇಕು. ಹೊರದೇಶದ ಮಾಡೆಲ್ ಕಟ್ಟುವವರು ಎವರ್‌ಗ್ರೀನ್ ಎಂಬ ಅಮೆರಿಕದ ಕಂಪನಿಯ ಹಾಳೆ ತರುತ್ತಾರೆ: ಕಾಲು ಮಿಲಿಮೀಟರ್, ಅರ್ಧ, ಒಂದು, ಹೀಗೆ. ನಮ್ಮ ಹುಡುಗನಿಗೆ ಅದು ದುಬಾರಿ, ಕಣ್ಣಿಗೆ ಬೀಳುವ ಜಾಗಕ್ಕೆ ಮಾತ್ರ ಬಳಸುತ್ತಾನೆ. ಸ್ಟೈರೀನನ್ನು ಕತ್ತರಿಸುವುದಿಲ್ಲ, ಗೀರಿ ಮುರಿಯುತ್ತಾರೆ. ಸ್ಕೇಲು ಒತ್ತಿ ಹಿಡಿದು ಬ್ಲೇಡಿನಿಂದ ಅರ್ಧ ದಪ್ಪದಷ್ಟು ಗೀರು ಹಾಕಿ, ಮೇಜಿನ ಅಂಚಿಗಿಟ್ಟು ಬಗ್ಗಿಸಿದರೆ ಚಟ್ ಅಂತ ಗೀರಿನ ನೇರಕ್ಕೆ ಮುರಿಯುತ್ತದೆ. ಗೀರಿದ ಕಡೆ ಅಂಚಿನಲ್ಲಿ ಕೂದಲೆಳೆಯಷ್ಟು ದಿಂಡು ಎದ್ದಿರುತ್ತದೆ. ಬ್ಲೇಡಿನ ಬೆನ್ನಿನಿಂದ ಅದನ್ನು ಹೆರೆದು ತೆಗೆಯಬೇಕು. ಹೆರೆಯದೆ ಬಿಟ್ಟವನ ಕೆಲಸ ಬಣ್ಣ ಬಿದ್ದ ಮೇಲೆ ಗೊತ್ತಾಗುತ್ತದೆ, ಕಿಟಕಿಯ ಅಂಚೆಲ್ಲ ತುಟಿ ಊದಿದಂತಿರುತ್ತದೆ.

ಅಂಟಿಸುವುದನ್ನು ನೋಡುವುದೇ ಒಂದು ಭಾಗ್ಯ. ಸ್ಟೈರೀನಿಗೆ ಹಾಕುವ ತೆಳು ಅಂಟು ನಿಜವಾಗಿ ಅಂಟೇ ಅಲ್ಲ. ತಾಮಿಯಾದ ಹಸಿರು ಮುಚ್ಚಳದ ಸೀಸೆಯಲ್ಲಿರುವುದು ಅಸಿಟೋನ್ ಮತ್ತು ಬ್ಯೂಟೈಲ್ ಅಸಿಟೇಟ್. ಮುಚ್ಚಳ ತೆಗೆದರೆ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ, ಕಿಟಕಿ ತೆರೆದಿಟ್ಟುಕೊಂಡೇ ಕೆಲಸ ಮಾಡಬೇಕು. ಎರಡು ಹಾಳೆಯ ಅಂಚನ್ನು ಒಣದಾಗಿಯೇ ಜೋಡಿಸಿ ಹಿಡಿದು, ಕುಂಚದ ತುದಿಯನ್ನು ಸಂದಿಯ ಒಂದು ಕೊನೆಗೆ ಮುಟ್ಟಿಸುತ್ತಾನೆ. ಅಷ್ಟೇ. ದ್ರವ ತಾನಾಗಿ ಸಂದಿಯನ್ನು ಹಿಡಿದು ಓಡುತ್ತದೆ. ಬಿಳಿ ಹಾಳೆಗಳ ನಡುವೆ ಒದ್ದೆ ಗೆರೆಯೊಂದು ಬಸ್ಸಿನ ಉದ್ದಕ್ಕೂ ಸರ್ರನೆ ಹೋಗಿ ಆ ತುದಿಯಲ್ಲಿ ನಿಲ್ಲುತ್ತದೆ. ಎರಡೂ ಅಂಚು ಸ್ವಲ್ಪ ಕರಗಿ ಒಂದರೊಳಗೊಂದು ಬೆರೆಯುತ್ತವೆ, ದ್ರವ ಆರಿಹೋಗುತ್ತದೆ. ಮಾರನೆಯ ದಿನ ಅಲ್ಲಿ ಸಂದಿಯೇ ಇಲ್ಲ, ಒಂದೇ ಪ್ಲಾಸ್ಟಿಕ್ಕು. ಫೋಮ್ ಶೀಟಿಗೆ ಈ ಸುಖವಿಲ್ಲ. ಅದು ಪಿವಿಸಿ, ಫೆವಿಕ್ವಿಕ್ಕೇ ಗತಿ. ಫೆವಿಕ್ವಿಕ್ಕಿನ ಹಬೆ ಕಿಟಕಿಯ ಗಾಜಿಗೆ ತಾಗಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ, ಮತ್ತೆ ಬಿಡುವುದಿಲ್ಲ. ಅದಕ್ಕೇ ತಿಳಿದವರು ಗಾಜನ್ನು ಎಲ್ಲ ಮುಗಿದ ಮೇಲೆ ಮರಕ್ಕೆ ಹಚ್ಚುವ ಬಿಳಿ ಅಂಟಿನಿಂದ ಕೂರಿಸುತ್ತಾರೆ.

ಕನ್ನಡಿಯ ಕೈ, ವೈಪರ್ ಕಡ್ಡಿ, ಇವಕ್ಕೆ ಎಳೆ ಬೇಕು. ಕಿಟ್ಟುಗಳಲ್ಲಿ ಬಿಡಿಭಾಗಗಳನ್ನು ಹಿಡಿದಿಡುವ ದಪ್ಪ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಅದರ ತುಂಡನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ, ಸ್ವಲ್ಪ ಮೇಲೆ, ಬೆರಳಿನಲ್ಲಿ ತಿರುಗಿಸುತ್ತ ಕಾಯಿಸಬೇಕು. ನಡುಭಾಗ ಮೊದಲು ಹೊಳಪಾಗುತ್ತದೆ, ಆಮೇಲೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಆಗ ಬೆಂಕಿಯಿಂದ ಆಚೆ ತಂದು, ಒಂದು ಉಸಿರಿನಷ್ಟು ತಡೆದು, ಎರಡೂ ಕೈ ಅಗಲಿಸಬೇಕು. ಬೇಗ ಎಳೆದರೆ ಕೂದಲು, ನಿಧಾನವಾಗಿ ಎಳೆದರೆ ತಂತಿ. ಇದರಲ್ಲಿ ನನಗೆ ಇನ್ನೂ ಬೆರಗು ಹೋಗದ ಒಂದು ಗುಣವಿದೆ: ಕಡ್ಡಿಯ ಆಕಾರ ಎಳೆಗೂ ಇಳಿಯುತ್ತದೆ. ಚೌಕದ ಕಡ್ಡಿ ಎಳೆದರೆ ಎಳೆಯೂ ಚೌಕ. ಟೊಳ್ಳು ಕೊಳವೆ ಎಳೆದರೆ ಎಳೆಯೂ ಟೊಳ್ಳು, ಅದರ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಮೊನೆಯಷ್ಟು ತೂತು ಕಾಣುತ್ತದೆ.

ದಪ್ಪವನ್ನು ಬಚ್ಚಿಡುವುದು ಇನ್ನೊಂದು ವಿದ್ಯೆ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ತೆಳುವೇ ಅನ್ನಿಸುತ್ತದೆ. 35ರಿಂದ ಗುಣಿಸಿ ನೋಡಿ, ಒಂದು ಅಂಗುಲದ ಹಲಗೆ! ಅಷ್ಟು ದಪ್ಪ ತಗಡಿನಲ್ಲಿ ಯಾವ ವರ್ಕ್‌ಶಾಪಿನವರೂ ಬಸ್ಸು ಕಟ್ಟುವುದಿಲ್ಲ. 2 ಮಿಲಿಮೀಟರ್ ಫೋಮ್ ಶೀಟು ಅಂದರೆ ಬಸ್ಸಿನ ಗೋಡೆ 7 ಸೆಂಟಿಮೀಟರ್, ಕೋಟೆಯೇ ಸರಿ. ಅಸಲಿ ತಗಡಿನ ದಪ್ಪವನ್ನು ಈ ಅಳತೆಗೆ ಇಳಿಸಿದರೆ ಕಾಗದಕ್ಕಿಂತಲೂ ತೆಳುವಾಗಬೇಕು, ಅದು ಸಾಧ್ಯವಿಲ್ಲ. ಹಾಗಾಗಿ ಕಿಟಕಿಯ ಅಂಚನ್ನು ಒಳಬದಿಯಿಂದ ಓರೆಯಾಗಿ ಉಜ್ಜುತ್ತಾ ಬರುತ್ತಾನೆ. ಹೊರಗಿನ ಗೆರೆ ಚೂಪಾಗಿ ಉಳಿಯುತ್ತದೆ, ದಪ್ಪ ಒಳಗೆ ಜಾರುತ್ತದೆ. ಹೊರಗಿನಿಂದ ನೋಡುವವನ ಕಣ್ಣು ಅಂಚನ್ನು ಕಂಡು ಇಡೀ ಗೋಡೆ ತೆಳು ಅಂತ ನಂಬುತ್ತದೆ. ಸಾಲು ಸಾಲು ಕಿಟಕಿಗೆ ಹೀಗೆ ಉಜ್ಜಬೇಕು, ಎರಡೂ ಕಡೆ. ನೋಡುವವರಿಗೆ ಕಾಣಬಾರದು ಎಂದೇ ಮಾಡುವ ಕೆಲಸ ಇದು, ಇದನ್ನು ಯಾರೂ ಹೊಗಳುವುದಿಲ್ಲ. ಕೆಟ್ಟಿದ್ದರೆ ಮಾತ್ರ ‘ಏನೋ ಆಟದ ಸಾಮಾನಿನ ಹಾಗಿದೆ’ ಅಂತಾರೆ, ಏನು ಅಂತ ಅವರಿಗೂ ಗೊತ್ತಿರುವುದಿಲ್ಲ.

ರಿವೆಟ್ಟುಗಳಿಗೆ ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಮುಳ್ಳುಚಕ್ರ ಇದೆ. ತೆಳು ಹಾಳೆಯ ಹಿಂಬದಿಯಲ್ಲಿ ಸ್ಕೇಲು ಹಿಡಿದು ಅದನ್ನು ಉರುಳಿಸಿದರೆ ಮುಂಬದಿಯಲ್ಲಿ ಸಾಲಾಗಿ ಗುಬುಟು ಏಳುತ್ತದೆ. ಇಲ್ಲಿ ಕೈ ಹಿಡಿತ ಬೇಕು. ಸಿಕ್ಕ ಕಡೆಯೆಲ್ಲ ರಿವೆಟ್ ಹಾಕಿದವನ ಬಸ್ಸಿಗೆ ಸಿಡುಬು ಎದ್ದ ಹಾಗಾಗುತ್ತದೆ. ಹುಡುಗನ ಬಸ್ಸಿನಲ್ಲಿ ಸಾಲುಗಳು ಮಿತವಾಗಿದ್ದವು. ಹಿಂದುಗಡೆ ಎಡ ಮೂಲೆಯಲ್ಲಿ ಮಾತ್ರ ಒಂದು ಚೌಕ ಸ್ವಲ್ಪ ಉಬ್ಬಿ, ಅದರ ಸುತ್ತ ರಿವೆಟ್ಟುಗಳು ಸೊಟ್ಟಸೊಟ್ಟ ಇದ್ದವು. ಕೈ ತಪ್ಪಿದ್ದೇನೋ ಅಂದುಕೊಂಡು ಸುಮ್ಮನಿದ್ದೆ. ಅವನೇ ಬೆರಳಿಟ್ಟು ತೋರಿಸಿದ. ಘಾಟಿಯಲ್ಲಿ ರಿವರ್ಸ್ ತೆಗೆಯುವಾಗ ತಾಗಿ, ಡಿಪೋದಲ್ಲಿ ತೇಪೆ ಹಾಕಿದ ಜಾಗವಂತೆ ಅದು. ಅವನು ಶಾಲೆಗೆ ಹೋಗುತ್ತಿದ್ದ ಬಸ್ಸು. ಹೊಸ ಬಾಡಿಯನ್ನು ಹೇಗೆ ನೇರ ಮಾಡಬೇಕು ಅಂತ ಗೊತ್ತಿರುವವನು, ತೇಪೆಯನ್ನು ಎಷ್ಟು ಸೊಟ್ಟ ಮಾಡಬೇಕು ಅಂತಲೂ ಲೆಕ್ಕ ಹಾಕಿದ್ದ. ಈ ಬಸ್ಸಿನಲ್ಲಿ ನನಗೆ ಸ್ಟೇರಿಂಗ್ ಬಿಟ್ಟರೆ ಅತಿ ಹೆಚ್ಚು ಹಿಡಿಸಿದ್ದು ಆ ತೇಪೆ.

ಈಚೆಗೆ ಬಸ್ಸಿನ ಪಕ್ಕದ ಚಿತ್ರವನ್ನೇ ವಿನೈಲ್ ಸ್ಟಿಕ್ಕರಿನಲ್ಲಿ ಮುದ್ರಿಸಿ, ಡಬ್ಬಿಯೊಂದರ ಮೇಲೆ ಹಚ್ಚಿ ಬಸ್ಸು ಅನ್ನುವವರಿದ್ದಾರೆ. ಕಿಟಕಿಯೂ ಮುದ್ರಣ, ಬಾಗಿಲೂ ಮುದ್ರಣ, ನೆರಳೂ ಮುದ್ರಣ. ದೂರದಿಂದ ಚೆನ್ನಾಗಿದೆ. ತ್ರೀಡಿ ಪ್ರಿಂಟರಿನಲ್ಲಿ ತೆಗೆದದ್ದು ಅದಕ್ಕಿಂತ ಎಷ್ಟೋ ಮೇಲು, ಅದರಲ್ಲೂ ಬುದ್ಧಿ ಇದೆ. ಆದರೆ ಅಲ್ಲಿ ಗಾಲಿ ಗಾಲಿಯಾಗಿಯೇ ಹುಟ್ಟುತ್ತದೆ, ಹಿಂದೆ ಅದಕ್ಕೆ ಬೇರೆ ಬಾಳು ಇರಲಿಲ್ಲ. ಇಷ್ಟೇ ನನ್ನ ತಕರಾರು.

ನಮ್ಮ ಹಳ್ಳಿಯ ಮಕ್ಕಳಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ಉತ್ತರ ಕರ್ನಾಟಕದಲ್ಲಿ ಜೋಳದ ದಂಟಿನ ಬಂಡಿ, ಎಲ್ಲ ಕಡೆಯೂ ಸವೆದ ಹವಾಯಿ ಚಪ್ಪಲಿಯಿಂದ ಕೊರೆದ ಚಕ್ರ, ಪೌಡರ್ ಡಬ್ಬಿಯ ಟ್ಯಾಂಕರು. ಆ ಸಾಲಿನಲ್ಲಿ ಇವತ್ತಿನ ಮೇರು ಕೃತಿ ಯಾವುದು ಅಂದರೆ ಶಾಲೆಯ ವಿಜ್ಞಾನ ಪ್ರದರ್ಶನದ ಸಿರಿಂಜ್ ಜೆಸಿಬಿ. ಯಾವ ಪ್ರೌಢಶಾಲೆಗೆ ಹೋಗಿ, ಮೇಜಿನ ಮೇಲೆ ಒಂದಾದರೂ ಇದ್ದೇ ಇರುತ್ತದೆ. ಮೇಷ್ಟರಿಗೆ ನೋಡಿ ನೋಡಿ ಸಾಕಾಗಿರುತ್ತದೆ. ನನಗೆ ಸಾಕಾಗಿಲ್ಲ.

ಫೋಮ್ ಶೀಟಿನ ಅಥವಾ ರಟ್ಟಿನ ತೋಳು, ಮೊಣಕೈ, ತುದಿಗೆ ಬಕೆಟ್ಟು. ಒಂದೊಂದು ಕೀಲಿಗೂ ಒಂದು ಸಿರಿಂಜು. ಅಲ್ಲಿಂದ ಗ್ಲೂಕೋಸ್ ಪೈಪು ಹೊರಟು ಹುಡುಗನ ಕೈಯಲ್ಲಿರುವ ಇನ್ನೊಂದು ಸಿರಿಂಜಿಗೆ. ಒಳಗೆ ನೀರು, ಯಾವುದು ಯಾವುದರದ್ದು ಅಂತ ಗೊತ್ತಾಗಲು ಒಂದಕ್ಕೆ ಕೆಂಪು ಬಣ್ಣ, ಒಂದಕ್ಕೆ ಹಸಿರು, ಒಂದಕ್ಕೆ ಶಾಯಿಯ ನೀಲಿ. ಇಲ್ಲಿ ಒತ್ತಿದರೆ ಅಲ್ಲಿ ತೋಳು ಏಳುತ್ತದೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ ತೋಳು ಮೆತ್ತಗೆ ನಡುಗುತ್ತದೆ, ಏಕೆಂದರೆ ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ದಪ್ಪ ಸಿರಿಂಜನ್ನು ಸ್ವಲ್ಪ ಒತ್ತಿದರೆ ಸಣ್ಣ ಸಿರಿಂಜು ಉದ್ದಕ್ಕೆ ಚಾಚಿಕೊಳ್ಳುತ್ತದೆ, ಬಲ ಮಾತ್ರ ಕಡಿಮೆ. ಸಣ್ಣದನ್ನು ಒತ್ತಿ ದಪ್ಪದನ್ನು ಎಬ್ಬಿಸಿದರೆ ನಿಧಾನ, ಆದರೆ ಜೋರು. ಪ್ಯಾಸ್ಕಲನ ನಿಯಮವನ್ನು ಪುಸ್ತಕದಲ್ಲಿ ಓದಿ ಮರೆತವನು ಇಲ್ಲಿ ಹೆಬ್ಬೆರಳಿನಲ್ಲಿ ಓದಿಕೊಳ್ಳುತ್ತಾನೆ.

ಬಸ್ಸಿನ ಮುಚ್ಚಳಕ್ಕೂ ಈ ಸಿರಿಂಜಿಗೂ ಒಂದು ವ್ಯತ್ಯಾಸ ಇದೆ, ಅದನ್ನು ನಾನು ತಡವಾಗಿ ಗಮನಿಸಿದೆ. ಮುಚ್ಚಳ ಗಾಲಿಯ ವೇಷ ಹಾಕಿದೆ. ಸಿರಿಂಜು ವೇಷ ಹಾಕಿಲ್ಲ. ನಿಜವಾದ ಜೆಸಿಬಿಯ ತೋಳಿನ ಪಕ್ಕ ಹೊಳೆಯುವ ಉಕ್ಕಿನ ದಂಡ ಹೊರಬಂದು ಒಳಹೋಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ. ನಳಿಗೆ, ಒಳಗೆ ಓಡಾಡುವ ಪಿಸ್ಟನ್ನು, ಹಿಂದಿನಿಂದ ಒತ್ತುವ ದ್ರವ. ಅಲ್ಲಿ ಎಣ್ಣೆ, ಇಲ್ಲಿ ಬಣ್ಣದ ನೀರು. ಎರಡೂ ಅರ್ಥ ಒಂದೇ ಕಡೆ ಬಂದು ಕೂಡುವ ಶ್ಲೇಷೆ ಕಾವ್ಯದಲ್ಲೂ ಅಪರೂಪ. ಇನ್ನೊಂದು ಸಮಾಧಾನ ಏನೆಂದರೆ, ಇದಕ್ಕೆ ಯಾವ ಹುಡುಗನೂ ಬಣ್ಣ ಬಳಿಯುವುದಿಲ್ಲ. ತೋಳಿಗೆ ಹಳದಿ ಬಣ್ಣದ ಕಾಗದ ಹಚ್ಚುತ್ತಾರೆ, ಸಿರಿಂಜನ್ನು ಹಾಗೇ ಬಿಡುತ್ತಾರೆ, ನೀರು ಕಾಣಬೇಕಲ್ಲ. ಮಣ್ಣೆತ್ತುವ ಯಂತ್ರದ ಮೊಣಕೈ ಮೇಲೆ ‘ಎಂಎಲ್’ ಗುರುತು, ಕಪ್ಪು ಅಂಕಿಗಳು ಸ್ಪಷ್ಟವಾಗಿ ಓದಲು ಸಿಗುತ್ತವೆ.

ಅಸಲಿ ಜೆಸಿಬಿಯ ಕಥೆಯೂ ಇದೇ ಜಾತಿಯದು. ಇಂಗ್ಲೆಂಡಿನ ಉಟಾಕ್ಸಿಟರ್ ಎಂಬ ಊರಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರ ಅಕ್ಟೋಬರಿನಲ್ಲಿ ಬಾಡಿಗೆಯ ಗ್ಯಾರೇಜೊಂದರಲ್ಲಿ ಕೆಲಸ ಶುರು ಮಾಡಿದ. ಮೊದಲು ಕಟ್ಟಿದ್ದು ಹಿಂದಕ್ಕೆ ವಾಲಿ ಸರಕು ಸುರಿಯುವ ಒಂದು ಟ್ರೇಲರು, ಸಾಮಾನು ಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಗುಜರಿ. ಅವನ ಹೆಸರಿನ ಮೂರು ಅಕ್ಷರ ಇವತ್ತು ನಮ್ಮ ಹಳ್ಳಿ ಹಳ್ಳಿಯಲ್ಲಿ ಯಂತ್ರದ ಹೆಸರೇ ಆಗಿದೆ.

ಈಗ ಆ ಬಿಸ್ಕತ್ತಿನ ಡಬ್ಬಿ. ಹಾಸನದ ಹುಡುಗ ಅದನ್ನು ಮೇಜಿನ ಮೇಲೆ ಸುರಿದು ತೋರಿಸಿದ. ಬ್ಲೇಡಿನ ಪ್ಲಾಸ್ಟಿಕ್ ಕವಚ, ಸಿಮ್ ಕಾರ್ಡಿನ ಚೌಕಟ್ಟು, ಟೂತ್‌ಬ್ರಶ್ಶಿನ ಕೂದಲು (ಕಿಟಕಿಯ ಅಡ್ಡಕಂಬಿಗೆ ಸ್ವಲ್ಪ ತೆಳು, ಮೀನಿನ ಗಾಳದ ನೈಲಾನ್ ದಾರ ಸರಿಯಾಗುತ್ತದೆ), ಶಾಂಪೂ ಬಾಟಲಿಯ ಪಂಪಿನ ಸ್ಪ್ರಿಂಗು, ಮುರಿದ ಬಾಚಣಿಗೆ. ಬಾಚಣಿಗೆ ಯಾಕೆ ಅಂದೆ. ಹಲ್ಲುಗಳನ್ನು ಸಮ ಕತ್ತರಿಸಿ ಅಡ್ಡ ಮಲಗಿಸಿದರೆ ರೇಡಿಯೇಟರಿನ ಜಾಲರಿ.

ಡಬ್ಬಿಯೊಳಗಿನ ಸಾಮಾನು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಕಾಲದಲ್ಲಿ ಕ್ಯಾಮೆರಾ ರೋಲಿನ ಕಪ್ಪು ಡಬ್ಬಿ ಸಿಗುತ್ತಿತ್ತು, ಟ್ಯಾಂಕರ್ ಲಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸ್ಟುಡಿಯೋಗಳಲ್ಲಿ ಈಗ ರೋಲೇ ಇಲ್ಲ. ಹತ್ತಿ ಸುತ್ತಿದ ಕಿವಿ ಕಡ್ಡಿಯ ಪ್ಲಾಸ್ಟಿಕ್ ಕೊಳವೆ ಎಳೆಯಲು, ಕತ್ತರಿಸಲು ಬಹಳ ಅನುಕೂಲವಾಗಿತ್ತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿ ನಿಷೇಧಿಸಿದರು, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಅಲಂಕಾರದ ಥರ್ಮಕೋಲ್ ಜೊತೆಗೆ. ಈಗಿನವು ಕಾಗದದ ಕಡ್ಡಿ, ಬಿಸಿ ಮಾಡಿದರೆ ಸುಡುತ್ತವೆ. ನಿಷೇಧ ಸರಿಯಾದದ್ದೇ ಅಂತ ಅವನೂ ಒಪ್ಪುತ್ತಾನೆ. ಆದರೂ ಹಳೆಯ ಕಡ್ಡಿಗಳ ಒಂದು ಕಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿಟ್ಟುಕೊಂಡಿದ್ದಾನೆ.

ದೊಡ್ಡ ಚಿಂತೆ ಗಾಜಿನದು. ಬಸ್ಸಿನ ಕಿಟಕಿಗೆ ಸಿಡಿ ಡಬ್ಬಿಯ ಮುಚ್ಚಳದಷ್ಟು ಒಳ್ಳೆಯ ಪ್ಲಾಸ್ಟಿಕ್ಕು ಬೇರೆ ಇಲ್ಲ. ಅದು ಶುದ್ಧ ಪಾಲಿಸ್ಟೈರೀನು, ಗಾಜಿನಷ್ಟೇ ಸ್ವಚ್ಛ, ಬಿಳಿ ಹಾಳೆಯ ಜೊತೆ ಅದೇ ದ್ರವದಲ್ಲಿ ಬೆಸೆಯುತ್ತದೆ. ಗೀರಿ ಮುರಿಯುವಾಗ ಮಾತ್ರ ಹುಷಾರು, ಸಿಡಿದು ಕಣ್ಣಿಗೆ ಬೀಳಬಹುದು. ಬಾಗಿದ ಮುಂಗಾಜಾದರೆ ಮರದ ಅಚ್ಚು ಕೆತ್ತಿ, ಅದರ ಮೇಲೆ ನೀರಿನ ಬಾಟಲಿಯ ತುಂಡು ಹೊದಿಸಿ, ಅಂಗಡಿಯಲ್ಲಿ ಸ್ಟಿಕ್ಕರಿಗೆ ಬಳಸುವ ಹೀಟ್ ಗನ್ ತೋರಿಸಿದರೆ ಬಾಟಲಿ ಕುಗ್ಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ, ಅದಕ್ಕೆ ಬರವಿಲ್ಲ. ಪಕ್ಕದ ಚಪ್ಪಟೆ ಗಾಜುಗಳಿಗೇ ತೊಂದರೆ. ಸಿಡಿ ಯಾರ ಮನೆಯಲ್ಲಿದೆ ಈಗ? ಗುಜರಿ ಅಂಗಡಿಯವನಿಗೆ ಹೇಳಿಟ್ಟಿದ್ದಾನೆ, ಹಾಡಿನ ಸಿಡಿ ಬಂದರೆ ಡಬ್ಬಿ ತೆಗೆದಿಡು ಅಂತ. ಗುಜರಿಯವನು ಸಿಡಿಗಳನ್ನು ಜೋಡಿಸಿಟ್ಟು ಡಬ್ಬಿ ಬಿಸಾಡಿದ್ದ. ಇವನು ತಲೆ ಚಚ್ಚಿಕೊಂಡು ಮತ್ತೊಮ್ಮೆ ಬಿಡಿಸಿ ಹೇಳಿ ಬಂದಿದ್ದಾನೆ.

‘ನಿಮ್ಮನೇಲಿ ಇದೆಯಾ ಸಾರ್, ಹಳೇವು?’

ಇವೆ ಅಂದೆ. ರಾಜ್‌ಕುಮಾರ್ ಹಾಡಿನವು, ಭಾವಗೀತೆಯವು, ಒಂದು ಸುಪ್ರಭಾತ.

‘ಸುಪ್ರಭಾತ ಇಟ್ಕೊಳಿ. ಉಳಿದದ್ದರ ಡಬ್ಬಿ ಮಾತ್ರ ಸಾಕು’ ಅಂದ.